ಮೇಣದ ದಾರ

ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ ಪರದೆಯ ಮೇಲಿನ ಹಸಿರು ಗೆರೆ ನಿಂತುಹೋಯಿತು. ಗಾಜಿನ ಆಚೆ ಜಲಜಾ ಟೀಚರ್ ಮೈಕಿನ ಮುಂದೆ ಕೂತು ಓದುತ್ತಲೇ ಇದ್ದರು. ಅವರ ತುಟಿ ಅಲುಗುವುದು ಯಜ್ಞನಾರಾಯಣರಿಗೆ ಕಾಣುತ್ತಿತ್ತು. ಆ ಧ್ವನಿಯ ಜೊತೆ ಏರಿಳಿಯಬೇಕಾಗಿದ್ದ ಗೆರೆ ಮಾತ್ರ ಸೆಟೆದು ಮಲಗಿತ್ತು. ಮೌಸ್ ಅಲ್ಲಾಡಿಸಿದರು. ಕೀಲಿಮಣೆಯ ಮೇಲೆ ಎರಡು ಸಲ ಕುಟ್ಟಿದರು. ಏನೂ ಕದಲಲಿಲ್ಲ.

"ನಿಂತ್ಹೋಯ್ತು," ಎಂದು ಕಮರುನ್ನೀಸಾ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಹುಟ್ಟಿನಿಂದ ಕಣ್ಣು ಕಾಣದ ಆಕೆ ಇಪ್ಪತ್ತು ವರ್ಷದಿಂದ ಕುಕ್ ಟೌನಿನ ಈ ಹಳೆಯ ಬಂಗಲೆಯಲ್ಲಿ ಮಾತಾಡುವ ಪುಸ್ತಕಗಳ ಲೈಬ್ರರಿ ನಡೆಸುತ್ತಿದ್ದವರು. "ಎಷ್ಟಾಯ್ತು ಸಾಬ್ ಈ ಸಲ?"

"ಎರಡು ಗಂಟೆ ನಾಲ್ಕು ನಿಮಿಷ."

"ಮೊದಲ್ನೇ ಸಲ ಎರಡು ಹತ್ತು. ಆಮೇಲೆ ಎರಡು ಎಂಟು. ನಿಮ್ಮ ಪೆಟ್ಟಿಗೆ ದಿನದಿಂದ ದಿನಕ್ಕೆ ಸೋಮಾರಿ ಆಗ್ತಾ ಇದೆ."

ಕ್ಯಾಸೆಟ್ಟಿನ ಕಾಲ ಮುಗಿಯುತ್ತಿತ್ತು. ಇನ್ನು ಮೇಲೆ ಪುಸ್ತಕಗಳನ್ನು ಕಂಪ್ಯೂಟರಿನಲ್ಲೇ ರೆಕಾರ್ಡ್ ಮಾಡಬೇಕೆಂದು ಲೈಬ್ರರಿಯ ಸಮಿತಿ ತೀರ್ಮಾನಿಸಿ, ಆರು ಪೆಟ್ಟಿಗೆ ಜೋಡಿಸಿ ಕೊಡುವ ಕೆಲಸವನ್ನು ಯಜ್ಞನಾರಾಯಣರಿಗೆ ಒಪ್ಪಿಸುವುದಾಗಿ ಹೇಳಿತ್ತು. ಷರತ್ತು ಎರಡೇ. ಮೊದಲನೆಯ ಪೆಟ್ಟಿಗೆ ಮುಚ್ಚಳ ಹಾಕಿಕೊಂಡು ನಾಲ್ಕು ಗಂಟೆ ಎಡೆಬಿಡದೆ ರೆಕಾರ್ಡ್ ಮಾಡಬೇಕು. ಮೈಕಿಗೆ ಕೇಳುವಂಥ ಸದ್ದು ಮಾಡಬಾರದು. ಎರಡು ಸಲ ಸೋತಾಗಿತ್ತು. ಇದು ಮೂರನೆಯದು. ಸಂಜೆ ಐದಕ್ಕೆ ಸಮಿತಿಯ ಕಾರ್ಯದರ್ಶಿ ಬರುವವರಿದ್ದರು, ಆಗುತ್ತದೆ ಅಥವಾ ಆಗುವುದಿಲ್ಲ ಎಂಬ ಒಂದೇ ಮಾತನ್ನು ಕಮರುನ್ನೀಸಾ ಆ ಕಾರ್ಯದರ್ಶಿಗೆ ಹೇಳಬೇಕಿತ್ತು. ಆಗುವುದಿಲ್ಲ ಎಂದರೆ ಕೆಲಸ ದೊಡ್ಡ ಕಂಪನಿಯೊಂದರ ಪಾಲು.

ಯಜ್ಞನಾರಾಯಣರು ಟೆಲಿಫೋನ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದು, ಸ್ವಯಂ ನಿವೃತ್ತಿ ತೆಗೆದುಕೊಂಡು ಹನ್ನೊಂದು ತಿಂಗಳಾಗಿತ್ತು. ಈ ಹನ್ನೊಂದು ತಿಂಗಳಲ್ಲಿ ಪೇಪರನ್ನು ಜಾಹೀರಾತು ಸಮೇತ ಓದಿದ್ದರು, ಹೆಂಡತಿಯ ಅಡುಗೆಮನೆಯ ಡಬ್ಬಗಳನ್ನು ಎರಡು ಸಲ ಮರುಜೋಡಿಸಿ ಬೈಸಿಕೊಂಡಿದ್ದರು. ಅವರ ಕೈಯಿಂದ ಹೋದ ಮಾಲು ಒಮ್ಮೆಯೂ ವಾಪಸು ಬಂದದ್ದಿಲ್ಲ ಎಂಬುದನ್ನು ನೆಂಟರಿಷ್ಟರೆಲ್ಲ ಬಲ್ಲರು, ಏಕೆಂದರೆ ಅವರೇ ಹೇಳಿಕೊಂಡು ತಿರುಗಿದ್ದರು. ಈ ಪೆಟ್ಟಿಗೆ ವಾಪಸಾದರೆ ಇನ್ನೊಂದು ಕೆಲಸ ಹುಡುಕುವ ಮುಖ ತಮಗಿರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಒಳಗಿನಿಂದ ಜಲಜಾ ಟೀಚರ್ ಬಾಗಿಲು ತೆರೆದು ಹೊರಬಂದರು. ಕತ್ತಿಗೆ ಮಫ್ಲರ್ ಸುತ್ತಿಕೊಂಡಿದ್ದರು. "ಹೋಯ್ತಾ? ಮತ್ತೆ ಹೋಯ್ತಾ? ಎರಡನೇ ಪಿಯುಸಿ ಹಿಸ್ಟರಿ ಅರ್ಧ ಪುಸ್ತಕ ನಂಗೆ ಬಾಯಿಪಾಠ ಆಗಿದೆ ಕಣ್ರೀ. ಮುಂದಿನ ತಿಂಗಳು ಪರೀಕ್ಷೆ, ಮಕ್ಕಳು ದಿನಾ ಫೋನ್ ಮಾಡ್ತಿದಾರೆ." ಆಕೆಗೆ ಅದಕ್ಕಿಂತ ಹೆಚ್ಚು ಬಯ್ಯಲು ಗಂಟಲು ಉಳಿದಿರಲಿಲ್ಲ.

ಅಂಜನಮೂರ್ತಿ ಆಗಲೇ ಸ್ಕ್ರೂಡ್ರೈವರ್ ಹಿಡಿದು ಮೇಜಿನ ಕೆಳಗೆ ನುಗ್ಗಿದ್ದ. ಕಾರ್ಖಾನೆಯಲ್ಲಿ ಯಜ್ಞನಾರಾಯಣರ ಕೈಕೆಳಗೆ ಕೆಲಸ ಕಲಿತವನು. ಕೆ.ಆರ್. ಪುರದ ಆಚೆ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಎಂಟು ಬಾಡಿಗೆ ಮನೆ ಎದ್ದು ನಿಂತಿದ್ದವು, ಇವನಿಗೆ ಈ ಕೆಲಸದ ದರ್ದೇನೂ ಇರಲಿಲ್ಲ. ಸುಮ್ಮನೆ ಕೂರಲು ಬರುವುದಿಲ್ಲವೆಂದು ಬಂದಿದ್ದ.

ಪೆಟ್ಟಿಗೆ ಎಳೆದು ಮುಚ್ಚಳ ತೆಗೆದದ್ದೇ ಬಿಸಿಗಾಳಿ ಮುಖಕ್ಕೆ ಬಡಿಯಿತು. ಯಜ್ಞನಾರಾಯಣರು ಅಂಗೈಯ ಹಿಂಬದಿಯನ್ನು ಒಳಗೆ ಹಿಡಿದರು. ಬಿಸಿ ಅಳೆಯಲು ಅವರಿಗೆ ಬೇರೆ ಉಪಕರಣ ಬೇಕಿರಲಿಲ್ಲ. ಪ್ರೊಸೆಸರ್ ಪರವಾಗಿಲ್ಲ. ಹಾರ್ಡ್ ಡಿಸ್ಕ್ ಎರಡೂ ಬೆಚ್ಚಗಿವೆ, ಅಷ್ಟೇ. ಮೆಮೊರಿ ಪಟ್ಟಿಗಳ ಹತ್ತಿರ ಬಂದಾಗ ಕೈ ತಾನಾಗಿ ಹಿಂದಕ್ಕೆ ಸರಿಯಿತು. ಒತ್ತೊತ್ತಾಗಿ ನಿಂತ ಆ ನಾಲ್ಕು ಪಟ್ಟಿಗಳು ಕಾವಲಿಯ ಹಾಗೆ ಕಾದಿದ್ದವು.

"ಮೆಮೊರಿನೇ ಸರಿಯಿಲ್ಲ," ಎಂದರು. "ಎರಡು ಸಲ ಬದಲಾಯಿಸಿ ತಂದೆ. ಅಂಗಡಿಯವನು ಮತ್ತೆ ಅದನ್ನೇ ಕೊಟ್ಟಿದಾನೆ."

"ಮುಚ್ಚಳ ತೆಗ್ದ್ರೆ ಇಡೀ ದಿನ ಓಡ್ತದೆ, ಹಾಕಿದ್ರೆ ನಿಂತೋತದೆ. ಮೆಮೊರಿದೇನ್ ತಪ್ಪೈತೆ ಸಾರ್?" ಎಂದ ಅಂಜನಮೂರ್ತಿ. "ಇನ್ನೊಂದ್ ಫ್ಯಾನ್ ಹೊಡ್ದು ಬಿಸಾಕಣ ಅತ್ಲಾಗೆ."

"ಫ್ಯಾನ್ ಹಾಕಿ," ಎಂದರು ಕಮರುನ್ನೀಸಾ. "ಮಕ್ಕಳು ಪಾಠ ಕೇಳ್ತಾರಾ, ಫ್ಲೋರ್ ಮಿಲ್ ಕೇಳ್ತಾರಾ?"

ತೊಂದರೆ ಅಲ್ಲೇ ಇತ್ತು. ಮೇಜಿನ ಕೆಳಗೆ ಹಿಡಿಸಬೇಕೆಂದು ತಂದ ಕುಳ್ಳ ಪೆಟ್ಟಿಗೆ. ಅದರೊಳಗೆ ಎರಡು ಡಿಸ್ಕು, ಸಿಡಿ ಬರೆಯುವ ಯಂತ್ರ, ಸೌಂಡ್ ಕಾರ್ಡು, ಸದ್ದು ಅಡಗಿಸಲು ಗೋಡೆಗೆಲ್ಲ ಅಂಟಿಸಿದ ದಪ್ಪ ಬಟ್ಟೆ. ಮುಂದುಗಡೆ ಮೆಲ್ಲಗೆ ತಿರುಗುವ ಒಂದೇ ಫ್ಯಾನು. ಎರಡನೆಯ ಸಲ ಸೋತ ಮೇಲೆ ಯಜ್ಞನಾರಾಯಣರು ಮನೆಯಲ್ಲಿ ಕೂತು ಅಲ್ಯೂಮಿನಿಯಂ ತಗಡು ಕೊಯ್ದು, ಪ್ರತಿ ಮೆಮೊರಿ ಪಟ್ಟಿಗೂ ಒಂದು ಕವಚ ತೊಡಿಸಿದ್ದರು. ಬಿಸಿ ಹಂಚಿಹೋಗಲಿ ಎಂದು ಮಾಡಿದ್ದು, ಇದ್ದ ಸಂದನ್ನೂ ಮುಚ್ಚಿ ನಾಲ್ಕು ನಿಮಿಷ ಮೊದಲೇ ನಿಲ್ಲಿಸಿತು.

"ನಾನೊಂದ್ಸಲ ನೋಡ್ಲಾ?" ಎಂದು ಕಮರುನ್ನೀಸಾ ಸೀರೆಯ ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕೂತರು. ಆಕೆ ನೋಡುವುದೆಂದರೆ ಮುಟ್ಟುವುದು. ಗೋಡೆಯ ಕಪಾಟಿನಲ್ಲಿದ್ದ ನಾಲ್ಕು ಸಾವಿರ ಕ್ಯಾಸೆಟ್ಟುಗಳನ್ನು ಆಕೆ ಹಾಗೆಯೇ ನೋಡಿಕೊಂಡಿದ್ದರು. ಪ್ರತಿಯೊಂದಕ್ಕೂ ಒಂದು ದಾರ, ದಾರಕ್ಕೆ ಗಂಟು. ಮೊದಲ ಭಾಗಕ್ಕೆ ಒಂದು, ಎರಡನೆಯದಕ್ಕೆ ಎರಡು. ಬ್ರೈಲ್ ಚೀಟಿ ಉದುರಿಹೋಗುತ್ತದೆ, ಗಂಟು ಉದುರುವುದಿಲ್ಲ ಎಂಬುದು ಆಕೆಯ ವಾದ.

ಯಜ್ಞನಾರಾಯಣರು ಕರೆಂಟ್ ತೆಗೆಸಿ, ಕವಚಗಳನ್ನು ಬಿಚ್ಚಿ ಪಕ್ಕಕ್ಕಿಟ್ಟು, ಆಕೆಯ ಕೈಯನ್ನು ಪೆಟ್ಟಿಗೆಯ ಅಂಚಿಗೆ ತಲುಪಿಸಿದರು. ಬೆರಳು ಮೊದಲು ಸಿಕ್ಕ ವೈರುಗಳ ಕಟ್ಟನ್ನು ಹಿಡಿದವು, ಅದರ ಗುಂಟ ನಿಧಾನವಾಗಿ ಸಾಗಿದವು.

"ಅರೆ ವಾಹ್. ಇದನ್ನ ಯಾರು ಕಟ್ಟಿದ್ದು?"

"ನಾನೇ," ಎಂದರು ಯಜ್ಞನಾರಾಯಣರು. ಇಷ್ಟು ಸಂಕಟದಲ್ಲೂ ಅವರ ದನಿ ಒಂದು ಮೆಟ್ಟಿಲು ಏರಿತು.

ಕಾರ್ಖಾನೆಯಲ್ಲಿ ವೈರುಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯುತ್ತಿರಲಿಲ್ಲ. ಮೇಣ ಮೆತ್ತಿದ ದಾರದಿಂದ ಹೆಣೆಯುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿಗೆ ಹೋಗುವ ಆಳೆತ್ತರದ ರ‍್ಯಾಕಿನ ಬದಿಯಲ್ಲಿ ನೂರಾರು ವೈರುಗಳು ಒಂದೇ ಕಟ್ಟಾಗಿ ನೆಟ್ಟಗೆ ಏರಿ, ಲಂಬಕೋನದಲ್ಲಿ ತಿರುಗಿ, ತಮ್ಮ ತಮ್ಮ ಜಾಗ ಸೇರುತ್ತಿದ್ದವು. ಅರ್ಧ ಅಂಗುಲಕ್ಕೊಂದು ಗಂಟು. ಜೋಲುವ ಒಂದೇ ಒಂದು ವೈರು ಕಂಡರೂ ಮಾಲು ವಾಪಸು. ಯಜ್ಞನಾರಾಯಣರ ಗಂಟನ್ನು ತೋರಿಸಿ ಹೊಸಬರಿಗೆ ಪಾಠ ಹೇಳಿಕೊಡುತ್ತಿದ್ದರು. ಕೊನೆಯ ದಿನ ಸ್ಟೋರ್ಸಿನವರು ನೆನಪಿಗೆಂದು ಆ ದಾರದ ಒಂದು ಉಂಡೆಯನ್ನೇ ಕೈಗಿಟ್ಟಿದ್ದರು. ಅದೇ ದಾರದಲ್ಲಿ ಈ ಕುಳ್ಳ ಪೆಟ್ಟಿಗೆಯ ವೈರುಗಳನ್ನೂ ಚಪ್ಪಟೆ ಕೇಬಲ್ಲುಗಳನ್ನೂ ಒಟ್ಟಿಗೆ ಸುತ್ತಿ, ಹೆಬ್ಬೆರಳಿಗಿಂತ ದಪ್ಪದ ಕಟ್ಟು ಮಾಡಿ, ನೆಟ್ಟಗೆ ಹಾಯಿಸಿ ಹೆಣೆದಿದ್ದರು. ಅದು ಅವರ ಪ್ರಕಾರ ಆ ಪೆಟ್ಟಿಗೆಯಲ್ಲಿ ನೋಡಲು ಯೋಗ್ಯವಾದ ಒಂದೇ ವಸ್ತು.

"ಎರಡು ಗಂಟಿನ ಮಧ್ಯೆ ಒಂದೇ ಅಳತೆ," ಎಂದರು ಕಮರುನ್ನೀಸಾ ಮೆಚ್ಚುಗೆಯಿಂದ. ಬೆರಳು ಮುಂದೆ ಸಾಗಿ ಮೆಮೊರಿ ಪಟ್ಟಿಗಳ ಮುಂದೆ ನಿಂತಿತು. "ಇದು ಇಲ್ಲಿ ಅಡ್ಡ ಮಲಗಿದೆಯಲ್ಲ?"

"ಅಡ್ಡ ಅಲ್ಲ. ಅದರ ದಾರಿ ಅದು."

ಆಕೆ ವಾದಕ್ಕೆ ಇಳಿಯಲಿಲ್ಲ. ಮೇಜಿನ ಡ್ರಾಯರಿನಿಂದ ಹಾಳಾದ ಕ್ಯಾಸೆಟ್ಟೊಂದರ ಟೇಪನ್ನು ಗೇಣುದ್ದ ಹರಿದುಕೊಂಡು, ಕರೆಂಟ್ ಹಾಕಲು ಹೇಳಿದರು. ಪೆಟ್ಟಿಗೆಗೆ ಜೀವ ಬಂತು. ಟೇಪಿನ ತುದಿ ಹಿಡಿದು ಫ್ಯಾನಿನ ಮುಂದೆ ತಂದಾಗ ಅದು ಪಟಪಟನೆ ಹಾರಿತು. ಒಣಗಿದ ಎಲೆಯ ಹಾಗೆ ಅದರ ಸದ್ದು ಎಲ್ಲರಿಗೂ ಕೇಳಿಸಿತು. ಆಕೆ ಕೈಯನ್ನು ಕೂದಲೆಳೆಯಷ್ಟೇ ಒಳಗೆ ಸರಿಸಿದರು. ಇನ್ನೂ ಹಾರುತ್ತಿತ್ತು. ವೈರುಗಳ ಕಟ್ಟನ್ನು ದಾಟಿಸಿ ಮೆಮೊರಿ ಪಟ್ಟಿಗಳ ಮೇಲೆ ಹಿಡಿದರು.

ಟೇಪು ಜೋತುಬಿತ್ತು. ಸದ್ದು ನಿಂತಿತು.

"ಗಾಳಿ ಇಲ್ಲಿ ಸತ್ತೋಯ್ತು," ಎಂದರು ಕಮರುನ್ನೀಸಾ.

ಮತ್ತೆ ಕಟ್ಟಿನ ಈಚೆ ತಂದರು, ಹಾರಿತು. ಆಚೆ ಒಯ್ದರು, ಸತ್ತಿತು. ಮೂರನೆಯ ಸಲ ಮಾಡಲು ಹೊರಟಾಗ ಯಜ್ಞನಾರಾಯಣರು "ಸಾಕು" ಎಂದರು.

ಅವರ ಮುಖ ಕೆಂಪಾಯಿತು. ಅಂಗಡಿಯವನಿಗೆ ಎಷ್ಟು ಮಾತು ಅಂದು ಬಂದಿದ್ದೆ ಎಂಬುದು ಮೊದಲು ನೆನಪಾಗಿ ನಾಚಿಕೆಯಾಯಿತು. ರ‍್ಯಾಕಿನ ಬದಿಯಲ್ಲಿ ಏರುತ್ತಿದ್ದ ಕಟ್ಟಿಗೆ ಗಾಳಿಯ ಗೊಡವೆ ಇರಲಿಲ್ಲ, ಅಲ್ಲಿ ಆಳು ನುಗ್ಗುವಷ್ಟು ಜಾಗವಿತ್ತು. ಇಲ್ಲಿ, ಈ ಒಂದು ಗೇಣಿನಲ್ಲಿ, ಅವರ ಅಚ್ಚುಕಟ್ಟುತನವೇ ಕಾಂಪೌಂಡ್ ಗೋಡೆ ಎಬ್ಬಿಸಿ ಕೂತಿತ್ತು. ಇದನ್ನು ಎರಡು ವಾರದಿಂದ ದಿನಕ್ಕೆ ಹತ್ತು ಸಲ ನೋಡಿದ್ದರು. ನೋಡಿದಾಗಲೆಲ್ಲ ಹೆಮ್ಮೆಪಟ್ಟಿದ್ದರು.

"ಬೇರೆ ದಾರಿ ಇದ್ಯಾ ನೋಡ್ತೀನಿ. ಕಟ್ಟನ್ನ ಒಂಚೂರು ಎತ್ತಿದ್ರೆ..." ಎತ್ತಲು ಹೋದರು. ಕಟ್ಟು ಮರದ ದಬ್ಬೆಯ ಹಾಗೆ ಬಿಗಿದಿತ್ತು. ಅವರ ಗಂಟು ಸಡಿಲವಾಗುವ ಪೈಕಿಯದಾಗಿರಲಿಲ್ಲ.

ಅಂಜನಮೂರ್ತಿ ಟೂಲ್ ಬ್ಯಾಗಿನಿಂದ ಕತ್ತರಿ ತೆಗೆದ, ಚಾಚಲಿಲ್ಲ. "ಎಂಬತ್ತೇಳ್ರಲ್ಲಿ ನಂದೊಂದು ಗಂಟು ಓರೆ ಆಯ್ತು ಅಂತ ಇಡೀ ಕಟ್ಟು ಕತ್ರಿಸಾಕಿದ್ರಿ, ನೆಪ್ಪೈತಾ ಸಾರ್? ಮೂರ್ ದಿನದ್ ಕೆಲ್ಸ. ಬಾತ್‌ರೂಮ್ನಾಗೆ ಹೋಗಿ ಅತ್ತಿದ್ದೆ ನಾನು." ಆಮೇಲೆ ಮೆಲ್ಲಗೆ, "ನಾನ್ ಕತ್ರಿಸ್ಲಾ? ನೀವ್ ಆಚೆ ಹೋಗಿ ಒಂದ್ ಕಾಫಿ ಕುಡ್ಕಂಬನ್ನಿ," ಎಂದ.

"ಕೊಡಿ ಇಲ್ಲಿ," ಎಂದು ಯಜ್ಞನಾರಾಯಣರು ಕತ್ತರಿ ಕಸಿದುಕೊಂಡರು.

ಕರೆಂಟ್ ತೆಗೆಸಿ, ಮೊದಲ ಗಂಟು ಕತ್ತರಿಸುವ ಮುನ್ನ ಅದರ ಮೇಲೊಮ್ಮೆ ಹೆಬ್ಬೆರಳು ಆಡಿಸಿದರು. ಹತ್ತನೆಯದರ ಹೊತ್ತಿಗೆ ಕತ್ತರಿ ತಡೆಯಿಲ್ಲದೆ ಓಡುತ್ತಿತ್ತು. ನಲವತ್ತಕ್ಕೂ ಹೆಚ್ಚಿದ್ದವು. ಕತ್ತರಿಸಿದ ಚೂರುಗಳು ಬೋರ್ಡಿನ ಮೇಲೆ ಬೀಳದಂತೆ ಒಂದೊಂದನ್ನೂ ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು. ಚಪ್ಪಟೆ ಕೇಬಲ್ಲುಗಳನ್ನು ಗೋಡೆಗೆ ಒತ್ತಿ ಮಡಿಸಿ ತುರುಕಿದರು. ವೈರುಗಳು ಡಿಸ್ಕಿನ ಕೆಳಗೆ ಬೇಕಾಬಿಟ್ಟಿ ಜೋತವು. ತಗಡಿನ ಕವಚಗಳನ್ನು ಹಾಕಲೇ ಇಲ್ಲ. ಒಳಗೆ ಈಗ ಕೋಳಿ ಕೆದರಿದ ತಿಪ್ಪೆಯ ಹಾಗಿತ್ತು. ಅದನ್ನು ನೋಡಲಾಗದೆ ಬೇಗ ಮುಚ್ಚಳ ಹಾಕಿದರು.

ಹನ್ನೆರಡೂ ಇಪ್ಪತ್ತಕ್ಕೆ ಜಲಜಾ ಟೀಚರ್ ಬಿಸಿನೀರು ಕುಡಿದು, ಅದೇ ಪಾಠವನ್ನು ನಾಲ್ಕನೆಯ ಸಲ ಶುರು ಮಾಡಿದರು.

ಒಂದು ಗಂಟೆ ಕಳೆಯಿತು. ಎರಡಾಯಿತು. ಯಾರೂ ಊಟಕ್ಕೆ ಏಳಲಿಲ್ಲ. ಕಮರುನ್ನೀಸಾ ಹೆಡ್‌ಫೋನ್ ಹಾಕಿಕೊಂಡು ಅಲುಗದೆ ಕೂತಿದ್ದರು. ಗಡಿಯಾರ ಎರಡೂ ಇಪ್ಪತ್ತನಾಲ್ಕು ತೋರಿಸಿದಾಗ, ಬೆಳಿಗ್ಗೆ ನಿಂತ ಅಷ್ಟೇ ಅವಧಿಗೆ, ಯಜ್ಞನಾರಾಯಣರು ಪರದೆಯಿಂದ ಕಣ್ಣು ತೆಗೆದು ನೆಲ ನೋಡಿದರು. ಅಂಜನಮೂರ್ತಿ ಅವರ ಮೊಣಕೈ ತಿವಿದ. ಹಸಿರು ಗೆರೆ ಏರುತ್ತಿತ್ತು, ಇಳಿಯುತ್ತಿತ್ತು. ಎರಡೂವರೆ. ಮೂರು. ಒಮ್ಮೆ ಗೆರೆ ಚಪ್ಪಟೆಯಾದಾಗ ಅಂಜನಮೂರ್ತಿ ಪರದೆಯತ್ತ ಬಗ್ಗಿದ. ಟೀಚರ್ ಪುಟ ತಿರುವಲು ನಿಂತದ್ದಷ್ಟೇ. ಯಜ್ಞನಾರಾಯಣರು ಬಗ್ಗಿ ಮುಚ್ಚಳದ ಮೇಲೆ ಅಂಗೈಯ ಹಿಂಬದಿ ಇಟ್ಟರು. ಬೆಚ್ಚಗಿತ್ತು, ಜ್ವರ ಬಿಟ್ಟ ಮಗುವಿನ ಹಣೆಯಷ್ಟು.

ನಾಲ್ಕೂ ಇಪ್ಪತ್ತಕ್ಕೆ ಟೀಚರ್ ಪುಸ್ತಕ ಮುಚ್ಚಿ, ಗಾಜಿನ ಆಚೆಯಿಂದ ಎರಡೂ ಕೈ ಎತ್ತಿದರು.

"ಫ್ಯಾನ್ ಸದ್ದು?" ಎಂದು ಕೇಳಿದರು ಯಜ್ಞನಾರಾಯಣರು.

ಕಮರುನ್ನೀಸಾ ಉತ್ತರ ಕೊಡುವ ಮೊದಲು ರೆಕಾರ್ಡಿಂಗನ್ನು ಅಲ್ಲಲ್ಲಿ ಕೇಳಿಸಿಕೊಂಡರು. "ಟೀಚರ್ ಸೀನಿದ್ದು ಕೇಳ್ತಿದೆ. ಫ್ಯಾನ್ ಇಲ್ಲ," ಎಂದರು. ಅಂಜನಮೂರ್ತಿ ಕುರ್ಚಿಯ ಮೇಲೆ ದೊಪ್ಪನೆ ಕೂತ. ಯಜ್ಞನಾರಾಯಣರಿಗೆ ಸಂತೋಷವಾಯಿತು, ಆದರೆ ಕೈ ಜೇಬಿನಲ್ಲಿದ್ದ ದಾರದ ಚೂರುಗಳನ್ನು ಹಿಸುಕುತ್ತಲೇ ಇತ್ತು. ಮೇಣ ಬೆರಳಿಗೆಲ್ಲ ಅಂಟಿಕೊಂಡಿತ್ತು.

"ಸಾಬ್," ಎಂದರು ಕಮರುನ್ನೀಸಾ. "ಆರು ಪೆಟ್ಟಿಗೆ ಬಂದ ಮೇಲೆ ಯಾವುದು ಯಾವ ರೂಮಿಂದು ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಆ ದಾರ ಇನ್ನೂ ಉಳಿದಿದೆಯಾ?"

ಮೇಜಿನ ಕೆಳಗಿನಿಂದ ಎಳೆಯಲು ಅನುಕೂಲವಾಗಲೆಂದು ಪೆಟ್ಟಿಗೆಯ ಮುಂದೆ ಅವರೇ ಕೂರಿಸಿದ್ದ ಹಿಡಿಕೆಯೊಂದಿತ್ತು. ಯಜ್ಞನಾರಾಯಣರು ಮಂಡಿಯೂರಿ, ಚೀಲದಿಂದ ಉಂಡೆ ತೆಗೆದು, ಹಿಡಿಕೆಗೆ ದಾರ ಸುತ್ತಿ ಒಂದು ಗಂಟು ಹಾಕಿದರು. ಊಟವಿಲ್ಲದ ಕೈಯೋ, ನಾಲ್ಕು ಗಂಟೆಯ ತಳಮಳವೋ, ಬಿಗಿಯುವಾಗ ದಾರ ಜಾರಿ ಗಂಟು ಒಂದು ಕಡೆಗೆ ವಾಲಿತು. ಅಂಜನಮೂರ್ತಿ ಬಗ್ಗಿ ನೋಡಿದ.

"ಓರೆ ಆಯ್ತು. ತಾಳಿ, ಕತ್ತರಿಸಿ ಬೇರೆ ಹಾಕ್ತೀನಿ."

ಅಷ್ಟರಲ್ಲಿ ಕಮರುನ್ನೀಸಾರ ಬೆರಳು ಹಿಡಿಕೆಯ ಮೇಲೆ ಬಂದು, ಗಂಟನ್ನು ತಡವಿ, ಅಲ್ಲಿಯೇ ನಿಂತಿತ್ತು.

"ಒಂದು," ಎಂದರು. "ಬೇಡ, ಬಿಡಿ. ಸಿಕ್ತು ನನಗೆ."

ಹೊರಗೆ ಗೇಟಿನ ಹತ್ತಿರ ಕಾರ್ಯದರ್ಶಿಯ ಕಾರು ನಿಂತ ಸದ್ದಾಯಿತು. ಯಜ್ಞನಾರಾಯಣರು ಕತ್ತರಿಯನ್ನು ಅಂಜನಮೂರ್ತಿಯ ಕೈಗೆ ಕೊಟ್ಟು, ಗಂಟು ಇದ್ದ ಹಾಗೇ ಪೆಟ್ಟಿಗೆಯನ್ನು ಮೇಜಿನ ಕೆಳಗೆ ತಳ್ಳಿದರು.