ನನಗಿಂತ ಮೊದಲು ಹೇಳಿದವಳು

ಟೆಸ್ಸಾ ಮಾರ್ಕೆಟಿ ಮೂರನೇ ತರಗತಿಯಿಂದ ನನ್ನ ಗೆಳತಿ. ಸರೋವರದ ದಡದ ಅಷ್ಟಬ್ಯೂಲಾ ಊರಿನ ಬಂದರಿಗೆ ಹತ್ತಿರದಲ್ಲೇ ನಮ್ಮ ಮನೆ, ಎರಡು ಬೀದಿ ದಾಟಿದರೆ ಅವಳದು. ಅವಳಪ್ಪ ವಿಮೆ ಮಾರುತ್ತಿದ್ದರು, ನನ್ನಮ್ಮ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಭಾನುವಾರ ಮಧ್ಯಾಹ್ನವಾದರೆ ಟೆಸ್ಸಾ ನಮ್ಮಲ್ಲೇ. ಅಮ್ಮ ಬೇಯಿಸಿದ ಏಲಕ್ಕಿ ಬ್ರೆಡ್ಡಿನ ಮೊದಲ ತುಂಡು ಅವಳಿಗೇ ಮೀಸಲು. ಅದನ್ನು ತಿನ್ನುತ್ತ ನನ್ನ ಆರ್ವೊ ತಾತನ ಪಕ್ಕ ಕೂತು, ಸರೋವರದಲ್ಲಿ ಯಾವ ಹಡಗು ಎಲ್ಲಿದೆ ಎಂದು ಫೋನಿನಲ್ಲಿ ನೋಡಿ ಓದಿ ಹೇಳುತ್ತಿದ್ದಳು.

ತಾತ ಮೂವತ್ತೊಂದು ವರ್ಷ ಹಡಗು ದಾಟಲು ಮೇಲೆತ್ತುವ ನದಿಯ ಸೇತುವೆಯನ್ನು ನಡೆಸಿದವರು. ನನಗೆ ಹನ್ನೆರಡು ತುಂಬಿದ ವರ್ಷ ಲಕ್ವ ಹೊಡೆದು ಅವರ ಮಾತು ನಿಂತಿತು. ತಿಂಗಳುಗಟ್ಟಲೆ ಗೋಡೆ ನೋಡುತ್ತ ಕೂತರು. ಸೇತುವೆ ತೆರೆಯಿರಿ ಎನ್ನಲು ಹಡಗಿನವರು ಒಂದು ಉದ್ದ, ಒಂದು ಗಿಡ್ಡ ಸೀಟಿ ಹಾಕುತ್ತಾರೆ. ಆಗದಿದ್ದರೆ ಸೇತುವೆಯಿಂದ ಐದು ಗಿಡ್ಡ ಸೀಟಿ ಉತ್ತರ ಬರುತ್ತದೆ. ಒಂದು ದಿನ ನಾನು ಊಟದ ಮೇಜಿನ ಮೇಲೆ ಬೆರಳು ಉದ್ದಕ್ಕೆ ಎಳೆದು ಒಮ್ಮೆ ಕುಟ್ಟಿದೆ. ತಾತ ತಿರುಗಿ ನೋಡಿದರು. ಅವರ ಎಡಗೈಯೂ ಹಾಗೇ ಎಳೆದು ಕುಟ್ಟಿತು. ಅವತ್ತಿನಿಂದ ಅದು ‘ಹೂಂ’, ಐದು ಕುಟ್ಟಿದರೆ ‘ಬೇಡ’. ವರ್ಷ ಕಳೆಯುವಷ್ಟರಲ್ಲಿ ನಾವಿಬ್ಬರೂ ಅದರಲ್ಲೇ ಜಗಳ ಕೂಡ ಆಡುತ್ತಿದ್ದೆವು.

ಹನ್ನೆರಡನೇ ತರಗತಿಯಲ್ಲಿ ನಾನೂ ಟೆಸ್ಸಾಳೂ ಒಂದೇ ಕಾಲೇಜಿಗೆ ಮುಂಚಿತ ಅರ್ಜಿ ಹಾಕಿದೆವು. ನವೆಂಬರಿಗೆ ಅರ್ಜಿ, ಡಿಸೆಂಬರ್ ಮಧ್ಯಕ್ಕೆ ಉತ್ತರ. ನಮ್ಮ ಶಾಲೆಯಿಂದ ಆ ಕಾಲೇಜು ಒಬ್ಬರನ್ನು ತೆಗೆದುಕೊಂಡರೆ ಹೆಚ್ಚು ಎಂದು ಎಲ್ಲರಿಗೂ ಗೊತ್ತಿತ್ತು. ನಾವು ಮಾತ್ರ ಆ ಮಾತು ಎತ್ತುತ್ತಿರಲಿಲ್ಲ. ಅಲ್ಲಿ ಓದಿದ ಹಳೆಯ ವಿದ್ಯಾರ್ಥಿಯೊಬ್ಬರು ನಮ್ಮನ್ನು ಮಾತಾಡಿಸಿ ಕಾಲೇಜಿಗೆ ಒಂದು ಪುಟ ಬರೆದು ಕಳಿಸುವುದು ಪದ್ಧತಿ. ನಮ್ಮ ಕಡೆಗೆ ಇದ್ದವರು ವೆಂಡೆಲ್ ಪ್ರುಸಾಕ್ ಒಬ್ಬರೇ, ಔಷಧದಂಗಡಿ ನಡೆಸಿ ನಿವೃತ್ತರಾದವರು. ಟೆಸ್ಸಾಳಿಗೆ ಮಂಗಳವಾರ ಕರೆದರು, ನನಗೆ ಶನಿವಾರ.

“ಹೆಂಗಿತ್ತೇ?” ಅಂತ ಕೇಳಿದೆ.

“ಏನಿಲ್ಲ ಕಣೇ, ಪಾಪದ ಮುದುಕ. ಯಾವ ಪುಸ್ತಕ ಓದ್ತೀಯ ಅಂತ ಕೇಳ್ತಾರೆ ಅಷ್ಟೆ. ಆಮೇಲೆ ಲಿನಿಯಾ, ನಿಮ್ ತಾತನ ವಿಷಯ ಮಾತ್ರ ಎತ್ತಬೇಡ. ವಯಸ್ಸಾದೋರಿಗೆ ಕಾಯಿಲೆ ಕಥೆ ಹಿಡಿಸಲ್ಲ.”

ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದಾಳೆ ಎಂದುಕೊಂಡೆ.

ಶನಿವಾರ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಪ್ರುಸಾಕ್ ಅರ್ಧ ಗಂಟೆ ನಗುನಗುತ್ತ ಮಾತಾಡಿಸಿದರು. ಕೊನೆಗೆ, “ಮನೇಲಿ ನಿನಗೆ ಜಾಸ್ತಿ ಕಲಿಸಿದೋರು ಯಾರಮ್ಮ?” ಎಂದರು. ಅದಕ್ಕೆ ನನ್ನಲ್ಲಿ ಬೇರೆ ಉತ್ತರವಿರಲಿಲ್ಲ. ಸೇತುವೆಯ ಮಾತು ಹೇಳಿದೆ, ಸೀಟಿಯ ಮಾತು ಹೇಳಿದೆ. ಬೆರಳು ಎಳೆದು ಕುಟ್ಟಿಯೂ ತೋರಿಸಿದೆ.

ಅವರ ಪೆನ್ನು ನಿಂತಿತು. “ಇದನ್ನ ನಿನಗೆ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ ಸರ್. ನಮ್ ತಾತನ ವಿಷಯ.”

“ನೋಡಮ್ಮ, ಈ ವಾರ ಈ ಕಥೆ ನಾನು ಕೇಳ್ತಿರೋದು ಎರಡನೇ ಸಲ. ಅದೇ ಸೇತುವೆ, ಅದೇ ಕುಟ್ಟೋದು.”

ಯಾರು ಹೇಳಿದ್ದೆಂದು ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ‘ಮನೆಗೆ ಬಂದು ತಾತನನ್ನು ನೋಡಿ’ ಎನ್ನಬೇಕಿತ್ತು. ಕದ್ದವರು ಸುಮ್ಮನಿರುವ ಹಾಗೆ ಸುಮ್ಮನಿದ್ದೆ. ಅವರು ಕಾಗದ ಜೋಡಿಸಿಕೊಂಡು, ಬಂದಿದ್ದಕ್ಕೆ ಸಂತೋಷ ಎಂದರು.

ನೇರ ಟೆಸ್ಸಾ ಕೆಲಸ ಮಾಡುವ ಡೋನಟ್ ಅಂಗಡಿಗೆ ಹೋದೆ. ನನ್ನ ಮುಖ ನೋಡಿದವಳೇ ಏಪ್ರನ್ ಬಿಚ್ಚಿ ಹೊರಗೆ ಬಂದಳು.

“ಮೊದಲು ನನ್ ಗೆಳತಿ ತಾತ ಅಂತಲೇ ಶುರು ಮಾಡಿದ್ದೆ ಕಣೇ. ಅವರು ಎಷ್ಟು ಆಸೆಯಿಂದ ಕೇಳ್ತಿದ್ರು ಅಂದ್ರೆ... ಬಾಯಿಂದ ‘ನಮ್ ತಾತ’ ಅಂತ ಬಂದ್‍ಬಿಡ್ತು.”

“ಬಂದ್‍ಬಿಡ್ತು ಅಂದ್ರೆ? ನನಗೆ ಹೇಳಬೇಡ ಅಂದೆಯಲ್ಲ, ಅದೂ ಬಾಯ್ತಪ್ಪಿ ಬಂತಾ?”

ಅವಳು ನೆಲ ನೋಡಿದಳು. “ನಿನಗೇನು, ಹೇಳೋಕೆ ನೂರಿದೆ. ನಮ್ಮನೇಲಿ ಏನಿದೆ ಹೇಳು? ಊಟ ಮಾಡ್ತೀವಿ, ಟೀವಿ ನೋಡ್ತೀವಿ. ಆರು ವರ್ಷ ಪ್ರತಿ ಭಾನುವಾರ ಅವರ ಪಕ್ಕ ಕೂತಿದೀನಿ. ಅವರು ನನಗೇನೂ ಅಲ್ವಾ?”

ಅದು ಸುಳ್ಳಲ್ಲ ಎಂಬುದೇ ನನಗೆ ಹೆಚ್ಚು ನೋವು ಮಾಡಿತು.

“ಪ್ರುಸಾಕ್ ಸರ್‌ಗೆ ಬರಿ. ಇದ್ದದ್ದು ಇದ್ದ ಹಾಗೆ ಬರಿ. ಆಮೇಲೆ ನಾನು ಈ ಮಾತೇ ಎತ್ತಲ್ಲ.”

“ಬರೀತೀನಿ. ನಮ್ಮಮ್ಮನಾಣೆ.”

ಮರುದಿನ ‘ಬರೆದೆ’ ಎಂದಳು. ನಂಬಿದೆ. ಮೊದಲಿನಂತೆ ಊಟದ ಹೊತ್ತಿಗೆ ಜೊತೆಗೆ ಕೂತೆವು. ದಿನಕ್ಕೆ ಹತ್ತು ಸಲ ಕಾಲೇಜಿನ ಪುಟ ತೆರೆದು ನೋಡಿದೆವು, ಉತ್ತರದ ದಿನ ಹದಿನೈದೋ ಹದಿನಾರೋ ಎಂದು ವಾದ ಮಾಡಿದೆವು. ಸರೋವರದ ಮೇಲಿಂದ ಮೊದಲ ಹಿಮ ಬಂದು ಶಾಲೆಗೆ ಎರಡು ದಿನ ರಜೆ ಕೊಟ್ಟಾಗ, ಟೆಸ್ಸಾ ಬಂದು ನಮ್ಮ ಮೆಟ್ಟಿಲ ಹಿಮವನ್ನೂ ಗೋರಿ ಹೋದಳು. ಕೋಪ ಅರ್ಧಕ್ಕರ್ಧ ಇಳಿದಿತ್ತು.

ಹದಿನಾರರ ಸಂಜೆ ಐದಕ್ಕೆ ಉತ್ತರ ಬಂತು. ಅಮ್ಮ ಬಸ್ಸಿನ ಕೆಲಸ ಮುಗಿಸಿ ಕೋಟು ಕೂಡ ತೆಗೆಯದೆ ನನ್ನ ಹಿಂದೆ ನಿಂತಿದ್ದಳು. ಈ ವರ್ಷ ಸ್ಥಾನ ಕೊಡಲಾಗುತ್ತಿಲ್ಲ, ವಿಷಾದವಿದೆ ಎಂದಿತ್ತು. ಅಮ್ಮ ನನ್ನ ತಲೆಯ ಮೇಲೆ ಕೈಯಿಟ್ಟಳು. ಆರು ಗಂಟೆಗೆ ಟೆಸ್ಸಾಳ ಅಪ್ಪ ತಮ್ಮ ಮನೆಯ ಮುಂದೆ ಆ ಕಾಲೇಜಿನ ಬಾವುಟ ಕಟ್ಟಿದರು.

ಜನವರಿಯಲ್ಲಿ, ಮೆಟ್ಟಿಲಿನ ಮಂಜು ಕರಗಿಸಲು ಉಪ್ಪಿನ ಚೀಲ ತರಲು ಹೋದಾಗ ಪ್ರುಸಾಕ್ ಎದುರಾದರು. ಕೇಳದೆ ಇರಲಾಗಲಿಲ್ಲ.

“ಸರ್, ನಿಮಗೆ ಒಂದು ಪತ್ರ ಬಂದಿತ್ತಲ್ಲ?”

“ಯಾವ ಪತ್ರ?”

ಟೆಸ್ಸಾ ಬರೆದೇ ಇರಲಿಲ್ಲ. ಉಪ್ಪಿನ ಚೀಲದ ಪಕ್ಕದಲ್ಲಿ ನಿಂತು ಎಲ್ಲ ಹೇಳಿದೆ. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಕಥೆ ಯಾರದೋ ತಿಳೀಲಿಲ್ಲ ಅಂತ ನಿನ್ನ ಪುಟದಲ್ಲಿ ಬರೆದೆ.”

“ಅವಳ ಪುಟದಲ್ಲಿ?”

“ಅವಳದು ಆಗಲೇ ಕಳಿಸಿಬಿಟ್ಟಿದ್ದೆ. ಹಾಗೇ ಬಿಟ್ಟೆ. ಒಂದು ಫೋನ್ ಮಾಡಿದ್ರೆ ಗೊತ್ತಾಗ್ತಿತ್ತು. ಮಾಡಲಿಲ್ಲ ಕಣಮ್ಮ.”

ಮುದುಕರ ಕಣ್ಣು ಒದ್ದೆಯಾಯಿತು. ಸಮಾಧಾನ ಹೇಳುವ ಮನಸ್ಸು ನನಗೆ ಬರಲಿಲ್ಲ. ಆ ವಾರವೇ ಅವರು ಕಾಲೇಜಿಗೆ ಬರೆದರು. ಹಳೆಯ ವಿದ್ಯಾರ್ಥಿಗಳ ಮಾತು ಹಲವು ಅಂಶಗಳಲ್ಲಿ ಒಂದು ಮಾತ್ರ, ತೀರ್ಮಾನ ಬದಲಾಗುವುದಿಲ್ಲ ಎಂದು ಉತ್ತರ ಬಂತಂತೆ. ಆ ಒಂದು ಪುಟದಿಂದಲೇ ನಾನು ಸೋತೆನೋ, ಹೇಗಿದ್ದರೂ ಸೋಲುತ್ತಿದ್ದೆನೋ, ಇವತ್ತಿಗೂ ಗೊತ್ತಿಲ್ಲ.

ಟೆಸ್ಸಾಳಿಗೆ ಒಂದೇ ಮಾತು ಹೇಳಿದೆ. “ಪ್ರುಸಾಕ್ ಸಿಕ್ಕಿದ್ರು.” ಅವಳು ಅಂದಿನಿಂದ ನಮ್ಮ ಮನೆಗೆ ಬರುವುದು ನಿಲ್ಲಿಸಿದಳು.

ತಾತನಿಗೆ ನಾವು ಏನೂ ಹೇಳಿರಲಿಲ್ಲ. ಭಾನುವಾರ ಬಂದರೆ ಕಿಟಕಿಯ ಕಡೆ ಕುರ್ಚಿ ತಿರುಗಿಸಿಕೊಂಡು ಕಾಯುತ್ತಿದ್ದರು. ಹಡಗಿನ ಸುದ್ದಿ ನಾನು ಓದಿದರೆ ಕೇಳುತ್ತಿದ್ದರು, ಕಣ್ಣು ಮಾತ್ರ ಬೀದಿಯ ಮೇಲೆ. ಮೂರನೇ ಭಾನುವಾರ ಅಮ್ಮ ಒಂದು ತುಂಡು ಬ್ರೆಡ್ಡು ಕೊಟ್ಟರೆ ತಾತ ಅದನ್ನು ಪಕ್ಕದ ಖಾಲಿ ಕುರ್ಚಿಯ ಮೇಲೆ ಇಟ್ಟರು.

ಅವತ್ತು ಫೋನ್ ಮಾಡಿದೆ.

“ತಾತ ಕಾಯ್ತಿದಾರೆ. ಭಾನುವಾರ ಎರಡು ಗಂಟೆಗೆ ಬಾ. ಆ ಹೊತ್ತು ನಾನು ಮನೇಲಿರಲ್ಲ.”

“ಲಿನಿಯಾ, ನಾನು...”

“ನಿನಗೋಸ್ಕರ ಕರೀತಿಲ್ಲ,” ಎಂದು ಫೋನ್ ಇಟ್ಟೆ.

ಆಗಸ್ಟಿನಲ್ಲಿ ಕಾಲೇಜಿಗೆ ಹೊರಡುವವರೆಗೂ ಪ್ರತಿ ಭಾನುವಾರ ಅವಳು ಬಂದಳು, ನಾನು ಹೊರಗೆ ಹೋದೆ. ಬಂದರಿನ ಗೋಡೆಯ ಹತ್ತಿರ ಅಮ್ಮನ ಕಾರು ನಿಲ್ಲಿಸಿ, ನಾಲ್ಕಾಗುವವರೆಗೆ ಬೇರೆ ಕಾಲೇಜುಗಳ ಅರ್ಜಿ ತುಂಬಿದೆ. ಅವು ಮುಗಿದ ಮೇಲೆ ಸುಮ್ಮನೆ ಕೂತಿರುತ್ತಿದ್ದೆ.