ಅರ್ಧಕ್ಕೆ ನಿಂತ ಪದ್ಯ

ಪದ್ಯ ಓದುವವರ ಎದುರಿಗೆ ಕುಳಿತವರ ತುಟಿಗಳು ಸದ್ದಿಲ್ಲದೆ ಅಲುಗುತ್ತಿರುತ್ತವೆ. ನನ್ನ ಬಾಲ್ಯದ ಮೊದಲ ನೆನಪು ಅದೇ. ನಮ್ಮ ಮನೆಯ ಹಜಾರದಲ್ಲಿ ತಂದೆ ವ್ಯಾಸಪೀಠದ ಮುಂದೆ ಕುಳಿತು ರಾಗವಾಗಿ ವಾಚನ ಮಾಡುತ್ತಿದ್ದರು. ಕಂಬಕ್ಕೊರಗಿದ ಮುದುಕರು, ಮೊರದಲ್ಲಿ ಬೇಳೆ ಹಿಡಿದು ಕುಳಿತ ಹೆಂಗಸರು, ಬಾಗಿಲಲ್ಲೇ ನಿಂತ ಹಾಲಿನವನು, ಎಲ್ಲರ ತುಟಿಗಳೂ ಅವರ ಸ್ವರದ ಹಿಂದೆಯೇ ಅಲುಗುತ್ತಿದ್ದವು. ನಾನು ಪದ್ಯಗಳನ್ನು ಕಿವಿಯಿಂದ ಕಲಿತದ್ದಕ್ಕಿಂತ ಆ ತುಟಿಗಳನ್ನು ನೋಡಿ ಕಲಿತದ್ದು ಹೆಚ್ಚು.

ತಂದೆಗೆ ಒಂದು ನೇಮವಿತ್ತು. ಎತ್ತಿಕೊಂಡ ಪದ್ಯ ಅರ್ಧಕ್ಕೆ ನಿಲ್ಲಬಾರದು. ಕೆಮ್ಮು ಬಂದರೂ, ದೀಪ ಆರಿದರೂ ಮುಗಿಯಬೇಕು. ಓದುವವರು ತಡವರಿಸಿದರೆ ಮುಂದಿನ ಪದವನ್ನು ಎತ್ತಿಕೊಡುವುದು ಕೇಳುವವರ ಧರ್ಮ. "ಅರ್ಧ ಹೇಳಿದ ಪದ್ಯ ಅಂದ್ರೆ ಅರ್ಧ ಬಡಿಸಿದ ಎಲೆ ಕಣಮ್ಮ. ಕೂತವರನ್ನ ಹಸಿವಲ್ಲೇ ಎಬ್ಬಿಸಿದ ಹಾಗೆ," ಎನ್ನುತ್ತಿದ್ದರು.

ಈ ಧರ್ಮವನ್ನು ನಾನು ಒಂದೇ ಒಂದು ಸಲ ಮೀರಬೇಕಾಗಿತ್ತು. ಮೀರಲಿಲ್ಲ.

ಆಗ ನಾನು ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಆ ಬೇಸಿಗೆ ಮಕ್ಕಳಿಗೆ ಹೊಳೆಯಾಚೆಯ ಗುಡ್ಡದ ತಪ್ಪಲಿನ ಛತ್ರದಲ್ಲಿ ಎಂಟು ದಿನದ ಶಿಬಿರ ನಿಗದಿಯಾಯಿತು. ಹಾಡು, ಈಜು, ಮಣ್ಣಿನ ಕೆಲಸ, ರಾತ್ರಿ ಅಲ್ಲೇ ಮಲಗುವುದು. ಕೊನೆಯ ಮಾತು ಕೇಳಿದೊಡನೆ ಊರು ಹಿಂಜರಿಯಿತು. ಮದುವೆ ಮುಂಜಿಗೆಂದು ನೆಂಟರ ಮನೆಗೆ ಹೋದದ್ದು ಬಿಟ್ಟರೆ ಹೆತ್ತವರಿಲ್ಲದೆ ಒಂದು ರಾತ್ರಿ ಕಳೆದ ಮಗು ನಮ್ಮಲ್ಲಿರಲಿಲ್ಲ.

ಮುಖ್ಯೋಪಾಧ್ಯಾಯಿನಿ ಸುಭದ್ರಮ್ಮ ನನ್ನನ್ನು ಕರೆದರು. "ನೀವೇ ಮನೆಮನೆಗೆ ಹೋಗ್ಬನ್ನಿ. ನಾನು ಹೋದ್ರೆ ನಾನೇ ಮಾತಾಡ್ಬಿಡ್ತೀನಿ. ನೀವು ಸುಮ್ನೆ ಕೂತಿದ್ರೆ ಅವರು ಮಾತಾಡ್ತಾರೆ."

ಹಾಗೆಯೇ ಆಯಿತು. ಇಪ್ಪತ್ತೆರಡು ಮನೆಗಳ ಜಗಲಿಯ ಮೇಲೆ ಕುಳಿತೆ. ಒಬ್ಬಳ ಮಗಳಿಗೆ ಅಮ್ಮನ ಸೆರಗು ಕೈಯಲ್ಲಿಲ್ಲದೆ ನಿದ್ರೆ ಬಾರದು. ಇನ್ನೊಬ್ಬಳಿಗೆ ನಿದ್ರೆಯಲ್ಲಿ ಮಾತು. ಸೋಡಾ ಅಂಗಡಿಯ ಚೆಲುವಯ್ಯನ ಮಗಳು ಮಂದಾಕಿನಿಗೆ ಬದನೆಕಾಯಿ ಕಂಡರಾಗದು. ಅವಳ ಬಗ್ಗೆ ಅಷ್ಟೇ ಹೇಳಿದರು. ನಾನು ಕೇಳಿಸಿಕೊಂಡೆ, ತಲೆಯಾಡಿಸಿದೆ, ಕೊಟ್ಟ ಮಜ್ಜಿಗೆ ಕುಡಿದು ಮುಂದಿನ ಮನೆಗೆ ನಡೆದೆ.

ಕೊನೆಯ ಮನೆ ಪುಟ್ಟತಾಯಮ್ಮನದು. ಅವಳು ಅಕ್ಕಿ ಗಿರಣಿಯಲ್ಲಿ ಅಕ್ಕಿ ಕೇರುತ್ತಿದ್ದಳು. ಅವಳ ಹನ್ನೊಂದು ವರ್ಷದ ಮಗಳು ಹೊಂಬಾಳೆಯ ಕಂಠ ನಮ್ಮ ಶಾಲೆಗೇ ಹೆಸರು ತಂದಿತ್ತು. ಮಗಳನ್ನು ನೀರು ತರಲು ಕಳಿಸಿ, ಬಾಗಿಲು ಮುಂದಕ್ಕೆಳೆದು ಪುಟ್ಟತಾಯಮ್ಮ ನೆಲ ನೋಡುತ್ತ ಹೇಳಿದಳು.

"ಟೀಚರಮ್ಮ, ಇದು ನಿಮ್ಮ ಹೊಟ್ಟೇಲಿರಲಿ. ನನ್ ಮಗಳು ಈಗಲೂ ಹಾಸ್ಗೆ ಒದ್ದೆ ಮಾಡ್ಕೊತಾಳೆ. ಎಲ್ಲಾ ದಿನ ಅಲ್ಲ, ವಾರದಾಗೆ ಒಂದೆರಡು ಕಿತ. ಅದ್ಕೇ ಎಲ್ಲೂ ಕಳಿಸಿಲ್ಲ. ಅವಳಕ್ಕನ ಮಗೀನ ನಾಮಕರಣಕ್ಕೂ ಬರ್ಲಿಲ್ಲ, ಹೊಟ್ಟೆನೋವು ಅಂತ ಸುಳ್ಳು ಹೇಳ್ಕೊಂಡು ಮನೇಲೇ ಉಳಕಂಡ್ಳು. ಈ ಶಿಬಿರಕ್ಕೆ ಮಾತ್ರ ಹೋಗ್ತೀನಿ ಅಂತ ತಿಂಗಳಿಂದ ಚೀಲ ತುಂಬಿ ಇಟ್ಟವಳೆ. ಇದೊಂದು ಕಿತ ಅವಳು ಎಲ್ಲಾರಂಗೆ ಹೋಗ್ಬರ್ಬೇಕು."

"ಹೋಗ್ತಾಳಮ್ಮ. ನಾನಿರ್ತೀನಲ್ಲ."

"ಬಾಣಂತಿಗೆ ಹಾಸೋ ಕೆಂಪು ರಬ್ಬರ್ ಶೀಟು ತಂದಿವ್ನಿ. ಎರಡು ಕೌದಿ ನಡುವೆ ಇಟ್ಟು ಹೊಲ್ದುಬಿಟ್ರೆ ಯಾರ್ಗೂ ಕಾಣಾಕಿಲ್ಲ. ಬೆಳಿಗ್ಗೆ ಎಲ್ಲಾರ್ಗಿಂತ ಮುಂಚೆ ನೀವು ಅವಳನ್ನ ಎಬ್ಬಿಸಿದ್ರೆ ಸಾಕು. ನಾನು ಹೇಳ್ದೆ ಅಂತ ಅವಳ್ಗೂ ಗೊತ್ತಾಗ್ಬಾರ್ದು."

ನಾನು ಅವಳ ದೇವರ ಗೂಡಿನತ್ತ ಕೈಮುಗಿದು ಮಾತು ಕೊಟ್ಟೆ. ಆ ಹೆಂಗಸು ಎಲ್ಲವನ್ನೂ ಯೋಚಿಸಿಟ್ಟಿದ್ದಳು. ನಾನು ಮಾಡಬೇಕಾದದ್ದು ಬೆಳಿಗ್ಗೆ ಬೇಗ ಏಳುವುದೊಂದೇ.

ಮಕ್ಕಳು ತರಬೇಕಾದ ಸಾಮಾನಿನ ಪಟ್ಟಿಯನ್ನು ಅಚ್ಚು ಹಾಕಿಸಿ ಹಂಚಿದ್ದೆವು. ಬಹಳ ಮನೆಗಳಲ್ಲಿ ಅದನ್ನು ಓದುವವರಿರಲಿಲ್ಲ. ಆಗ ನನಗೊಂದು ಯೋಚನೆ ಬಂತು. ಪಟ್ಟಿಯನ್ನೇ ಪದ್ಯ ಮಾಡಿದರೆ? ಕೇಳಿದ್ದನ್ನು ನಮ್ಮ ಊರು ಮರೆಯುವುದಿಲ್ಲ. ಒಂದೇ ಸಂಜೆಗೆ ಮೊದಲ ಪದ್ಯ ಹೊಸೆದೆ.

ತಟ್ಟೆ ಲೋಟವನೊಂದು ಚಮಚವ
ಬಟ್ಟೆ ನಾಲ್ಕನು ಒಗೆದು ಮಡಿಚಿರಿ
ಕಟ್ಟಿ ಚೀಲದಿ ತಲೆಗೆ ಎಣ್ಣೆಯ ಪುಟ್ಟ ಶೀಶೆಯನು

ಮಕ್ಕಳಿಗೆ ಕಲಿಸಿದೆ. ಎರಡು ದಿನದಲ್ಲಿ ಅದು ಬೀದಿಗೆ ಇಳಿಯಿತು. ನಲ್ಲಿಯ ಬಳಿ ಕೊಡ ಹಿಡಿದು ನಿಂತ ತಾಯಂದಿರ ತುಟಿಗಳು ಸದ್ದಿಲ್ಲದೆ ಅಲುಗುವುದನ್ನು ಕಂಡೆ. ನನ್ನ ತಂದೆಯ ಹಜಾರವೇ ಬೀದಿಗೆ ಬಂದಂತಾಯಿತು. ಹೆಮ್ಮೆಯಾಯಿತು ಎಂದರೆ ಕಡಿಮೆ ಹೇಳಿದಂತೆ. ದೇವರ ಮುಂದೆ ಕುಳಿತಾಗಲೂ ಸ್ತೋತ್ರದ ನಡುವೆ ನನ್ನದೇ ಸಾಲುಗಳು ನುಗ್ಗುತ್ತಿದ್ದವು, ನಾನು ಅವನ್ನು ತಡೆಯುತ್ತಿರಲಿಲ್ಲ.

ಹಾಸಿಗೆ ಹೊದಿಕೆಗಳಿಗಾಗಿ ಇನ್ನೊಂದು ಪದ್ಯ ಬೇಕಿತ್ತು. ಹೆತ್ತವರ ಸಭೆಯ ದಿನ ಬೆಳಿಗ್ಗೆ ಅದನ್ನು ಬರೆದೆ. ಬರೆಯುವಾಗ ಹೊಂಬಾಳೆ ನೆನಪಾದಳು. ರಬ್ಬರ್ ಹಾಸನ್ನು ಎಲ್ಲರೂ ತರಬೇಕೆಂದು ಪದ್ಯದಲ್ಲೇ ಸೇರಿಸಿಬಿಟ್ಟರೆ? ಎಲ್ಲರ ಬಳಿಯೂ ಇದ್ದರೆ ಅದು ಯಾರದೂ ಅಲ್ಲ. ಎಷ್ಟು ಜಾಣತನ ಎನಿಸಿತು ನನಗೆ. ಪುಟ್ಟತಾಯಮ್ಮನನ್ನು ಒಂದು ಮಾತು ಕೇಳಬೇಕೆಂದು ಹೊಳೆಯಲೇ ಇಲ್ಲ. ಸಾಲು ಸಲೀಸಾಗಿ ಬಂದು ಕೂತಿತ್ತು. ಹಾಗೆ ಕೂತ ಸಾಲನ್ನು ಅಳಿಸುವ ಧೈರ್ಯ ಕವಿತೆ ಕಟ್ಟುವವರಿಗೆ ಇರುವುದಿಲ್ಲ.

ಸಭೆ ಶಾಲೆಯ ದೊಡ್ಡ ಕೋಣೆಯಲ್ಲಿ ಸೇರಿತು. ಅಪ್ಪಂದಿರು ಒಂದು ಕಡೆ, ಅಮ್ಮಂದಿರು ಅಜ್ಜಿಯರು ಇನ್ನೊಂದು ಕಡೆ, ಮಕ್ಕಳು ನಡುವೆ. ಸುಭದ್ರಮ್ಮ ಶಿಬಿರದ ಕ್ರಮ ವಿವರಿಸಿದರು. ಎಂಟು ದಿನ ಯಾರೂ ನೋಡಲು ಬರಕೂಡದು ಎಂದಾಗ ಚೆಲುವಯ್ಯ ಎದ್ದು ನಿಂತ.

"ಮಗು ಅಪ್ಪ ಬೇಕು ಅಂತ ಹಟ ಮಾಡಿದ್ರೆ?"

"ನಿಮ್ಮನ್ನ ನೆನಸ್ಕೊಂಡು ಅಳೋರು ಯಾರಿದಾರೆ, ಕೂತ್ಕೊಳ್ಳಿ," ಎಂದಳು ಅವನ ಹೆಂಡತಿ ಹಿಂದಿನಿಂದ. "ಅಳೋದಾದ್ರೆ ನೀವೇ ಅಳ್ತೀರಿ."

ಕೋಣೆ ನಕ್ಕಿತು. ಆ ನಗೆಯ ಮೇಲೆಯೇ ನಾನು ಹೊಂಬಾಳೆಯನ್ನು ಕರೆದೆ. ಕಾಗದ ಅವಳ ಕೈಗಿಟ್ಟು, "ಮೊದಲನೇದು ಬರುತ್ತಲ್ಲ, ಅದು ಹೇಳಿ ಇದನ್ನ ನೋಡ್ಕೊಂಡು ಹೇಳಮ್ಮ. ಅದೇ ಧಾಟಿ," ಎಂದೆ. ನೋಡಿದ್ದನ್ನು ನೋಡಿದ ಹಾಗೆಯೇ ಹಾಡಬಲ್ಲ ಹುಡುಗಿ ಅವಳು. ಯಾಕೆ ಅವಳನ್ನೇ ಕರೆದೆನೆಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಉತ್ತರ ಸರಳ. ನನ್ನ ಪದ್ಯ ಚೆನ್ನಾಗಿ ಕೇಳಿಸಬೇಕಿತ್ತು.

ಮೊದಲ ಪದ್ಯಕ್ಕೆ ಇಡೀ ಕೋಣೆಯ ತುಟಿಗಳು ಅಲುಗಿದವು. ಎರಡನೆಯದನ್ನು ಎತ್ತಿಕೊಂಡಳು.

ಹಬ್ಬಕೆಂಬೊಲು ಹರುಷಗೊಳ್ಳಿರಿ
ತಬ್ಬಿ ಮಲಗಲು ಹೊದಿಕೆಯೊಂದನು

ಅಲ್ಲಿ ನಿಂತಳು.

ಕಣ್ಣು ಮುಂದಿನ ಸಾಲಿನ ಮೇಲಿತ್ತು. ತುಟಿಗಳು ಮುಚ್ಚಿದ್ದವು. ಆ ಕ್ಷಣ ನಾನು ಕೆಮ್ಮಬಹುದಿತ್ತು, ಗಂಟೆ ಬಾರಿಸಬಹುದಿತ್ತು, ಕಾಗದ ಇಸಿದುಕೊಂಡು ನಾನೇ ಓದಿ ಮುಗಿಸಬಹುದಿತ್ತು. ಆದರೆ ನನ್ನೊಳಗೆ ಎದ್ದದ್ದು ಬೇರೆಯೇ. ಪದ್ಯ ಅರ್ಧಕ್ಕೆ ನಿಂತಿದೆ. ನಾನು ಪದ ಎತ್ತಿಕೊಟ್ಟೆ.

"ರಬ್ಬರಿನ..."

ಅವಳು ನನ್ನನ್ನು ನೋಡಿದಳು. ಅಕ್ಷರ ತಿಳಿಯಲಿಲ್ಲವೇನೋ ಎಂದುಕೊಂಡು ಇನ್ನಷ್ಟು ಗಟ್ಟಿಯಾಗಿ, ರಾಗವಾಗಿಯೇ ಇಡೀ ಸಾಲನ್ನು ಹೇಳಿಕೊಟ್ಟೆ. "ರಬ್ಬರಿನ ಹಾಸೊಂದ ಮರೆಯದೆ ಸುತ್ತಿ ಜತೆಗಿಡಿರಿ."

"ರಬ್ಬರ್ ಹಾಸ್ಯಾಕವ್ವ?" ಮುಂದಿನ ಸಾಲಿನ ಅಜ್ಜಿಯೊಬ್ಬಳು ಪಕ್ಕದವಳನ್ನು ಕೇಳಿದಳು. "ಬಾಣಂತಿಗೆ ಹಾಸೋದಲ್ವಾ ಅದು?"

"ಉಚ್ಚೆ ಹುಯ್ಕೊಳ್ಳೋ ಮಕ್ಕಳಿಗೂ ಹಾಸ್ತಾರೆ ಕಣಜ್ಜಿ."

"ಅಯ್ಯ, ಇಷ್ಟುದ್ದ ಆದ್ಮೇಲೂ ಹುಯ್ಕೊಳ್ಳೋರು ಯಾರವ್ವ ಇಲ್ಲಿ?"

ಯಾರೂ ಬೆರಳು ತೋರಿಸಲಿಲ್ಲ. ಬೇಕಾಗಿರಲಿಲ್ಲ. ಕೋಣೆಯಲ್ಲಿ ನಿಂತಿದ್ದವಳು ಅವಳೊಬ್ಬಳೇ. ಅವಳ ಮುಖ ಕಿವಿಯವರೆಗೆ ಕೆಂಪಾಗಿತ್ತು. ಮೊದಲು ಮಕ್ಕಳ ನಡುವಿನಿಂದ ಕಿಸಕ್ಕೆಂದ ಸದ್ದು ಬಂತು. ಆಮೇಲೆ ದೊಡ್ಡವರೂ ನಕ್ಕರು, ಕೆಟ್ಟ ಮನಸ್ಸಿನಿಂದಲ್ಲ, ಚೆಲುವಯ್ಯನಿಗೆ ನಕ್ಕ ಹಾಗೆಯೇ.

ಹೊಂಬಾಳೆ ನನ್ನತ್ತ ಮತ್ತೆ ನೋಡಲಿಲ್ಲ. ಹೆಂಗಸರ ಸಾಲಿನಲ್ಲಿ ತಾಯಿಯನ್ನು ಹುಡುಕಿದಳು. ಪುಟ್ಟತಾಯಮ್ಮ ತಲೆ ಬಗ್ಗಿಸಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಅಷ್ಟರಲ್ಲೇ ಹುಡುಗಿಗೆ ಎಲ್ಲ ತಿಳಿಯಿತು. ಕಾಗದವನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟು ಹೊರಗೆ ಹೋದಳು.

ಮರುದಿನ ಶಾಲೆಗೆ ಬರಲಿಲ್ಲ. ಸಂಜೆ ನಮ್ಮ ಮನೆಯ ಕಿಟಕಿಯ ಕೆಳಗೆ ಮಕ್ಕಳು ಕುಂಟೆಬಿಲ್ಲೆ ಆಡುತ್ತ ಹಾಡುತ್ತಿದ್ದರು. ಮುಂದಾಳಾಗಿ ಹೇಳಿಕೊಡುತ್ತಿದ್ದವಳು ಮಂದಾಕಿನಿ. ನನ್ನ ಧಾಟಿ, ಆದರೆ ಮೊದಲ ಸಾಲು ಬದಲಾಗಿತ್ತು.

ಗಬ್ಬು ನಾರುವ ಹುಡುಗಿ ಬಂದಳು

ಇಳಿದು ಹೋಗಿ ಗದರಿಸಿದೆ. ಓಡಿಹೋಗಿ ಮುಂದಿನ ಬೀದಿಯಲ್ಲಿ ಹಾಡಿದರು. ಒಂದು ಮಾತನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಆ ಸಾಲು ಕಿವಿಗೆ ಬಿದ್ದಾಗ ನನ್ನ ಮನಸ್ಸು ಮೊದಲು ಮಾಡಿದ್ದು ಮಾತ್ರೆ ಎಣಿಸುವ ಕೆಲಸ. ಒಂದು ಮಾತ್ರೆಯೂ ತಪ್ಪಿರಲಿಲ್ಲ. ಚೆನ್ನಾಗಿ ಕಲಿಸಿದ್ದೆ.

ಆ ವಾರ ಮೂರು ಸಲ ಅವರ ಮನೆಗೆ ಹೋದೆ. ಎರಡು ಸಲ ಬಾಗಿಲು ತೆರೆಯಲಿಲ್ಲ. ಮೂರನೆಯ ಸಲ ಪುಟ್ಟತಾಯಮ್ಮ ಗಿರಣಿಯಿಂದ ಬರುತ್ತ ಬೀದಿಯ ತಿರುವಿನಲ್ಲೇ ಸಿಕ್ಕಳು. ತೌಡಿನ ಧೂಳು ಅವಳ ಹುಬ್ಬಿನ ಮೇಲಿತ್ತು.

"ತಪ್ಪಾಯಿತಮ್ಮ. ಅವಳ ಹತ್ತಿರ ನಾನೇ ಮಾತಾಡ್ತೀನಿ. ಹೇಗಾದ್ರೂ ಮಾಡಿ ಅವಳು ಬರಬೇಕು," ಎಂದೆ.

"ಬರಾಕಿಲ್ಲ, ಟೀಚರಮ್ಮ. ತುಂಬಿಟ್ಟಿದ್ದ ಚೀಲ ಬರಿದು ಮಾಡವಳೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ನಿಮ್ಮೇಲೆ ಕೋಪ ಇಲ್ಲ ಅವಳ್ಗೆ. ನೀವು ಹೊರಗಿನೋರು. ಹೇಳಿದ್ದು ನಾನಲ್ವಾ? ಆವತ್ತಿಂದ ನನ್ ಕೂಡೆ ಮಾತಿಲ್ಲ. ನಾನು ಇಟ್ಟ ಅನ್ನ ಉಣ್ತಾಳೆ, ಎದ್ದೋಗ್ತಾಳೆ."

ಶಿಬಿರದ ಬಸ್ಸು ಹೊರಟ ಬೆಳಿಗ್ಗೆ ಇಪ್ಪತ್ತೊಂದು ಮಕ್ಕಳು ಬಂದರು. ಪದ್ಯ ಹೇಳಿದ್ದೆಲ್ಲವೂ ಅವರ ಚೀಲಗಳಲ್ಲಿತ್ತು. ತಟ್ಟೆ, ಲೋಟ, ಎಣ್ಣೆಯ ಶೀಶೆ. ಜೊತೆಗೆ ಒಂದೊಂದು ಸುರುಳಿ ಕೆಂಪು ರಬ್ಬರು. ಯಾಕೆಂದು ಕೇಳದೆ ತಾಯಂದಿರು ತಂದುಕೊಟ್ಟಿದ್ದರು. ನಾನು ತಿರುವಿನ ಕಡೆಗೇ ನೋಡುತ್ತಿದ್ದೆ. ಸುಭದ್ರಮ್ಮ ಎರಡು ಸಲ ಡ್ರೈವರನಿಗೆ ತಾಳು ಎಂದರು. ಮೂರನೆಯ ಸಲ ನನ್ನ ಮುಖ ನೋಡಿ, ಹೊರಡಲು ಹೇಳಿದರು.

ಛತ್ರದ ಮೊದಲ ಬೆಳಿಗ್ಗೆ, ಎಬ್ಬಿಸಬೇಕಾದವಳು ಇಲ್ಲದಿದ್ದರೂ ನನಗೆ ಬೇಗ ಎಚ್ಚರವಾಯಿತು. ಹಿತ್ತಲಲ್ಲಿ ನೀರಿನ ಸದ್ದು. ಹೋಗಿ ನೋಡಿದರೆ ಮಂದಾಕಿನಿ ತನ್ನ ರಬ್ಬರ್ ಹಾಸನ್ನು ತೊಳೆಯುತ್ತಿದ್ದಳು. ಅವಳ ಬೆನ್ನ ಹಿಂದೆ, ಸರದಿಗೆ ನಿಂತಂತೆ, ಇನ್ನಿಬ್ಬರು. ಅವರ ತಾಯಂದಿರು ಬದನೆಕಾಯಿಯ ವಿಷಯ ಹೇಳಿದ್ದರು, ಸೆರಗಿನ ವಿಷಯ ಹೇಳಿದ್ದರು. ಇದನ್ನು ಹೇಳಿರಲಿಲ್ಲ.

"ಮಿಸ್," ಎಂದಳು ಮಂದಾಕಿನಿ. ತುಟಿ ಅಲುಗಿತೇ ಹೊರತು ದನಿ ಹೊರಡಲಿಲ್ಲ. ಆಮೇಲೆ ಪಿಸುಗುಟ್ಟಿದಳು, "ಯಾರಿಗೂ ಹೇಳ್ಬೇಡಿ ಮಿಸ್."

"ಹೇಳಲ್ಲ," ಎಂದೆ. ಅವರ ಜೊತೆ ನಾನೂ ನೀರು ಸೇದಿದೆ. ಬಿಸಿಲೇರುವ ಮೊದಲೇ ಹಾಸುಗಳನ್ನು ಒರೆಸಿ ಮಡಿಚಿಟ್ಟೆವು. ಎಂಟು ದಿನವೂ ಹಾಗೆಯೇ ನಡೆಯಿತು. ಉಳಿದವರಿಗೆ ಏನೂ ತಿಳಿಯಲಿಲ್ಲ. ಎಷ್ಟು ಸುಲಭದ ಕೆಲಸವಾಗಿತ್ತು ಅದು.

ಊರಿಗೆ ಮರಳಿದ ಮಧ್ಯಾಹ್ನ ಮನೆಗೂ ಹೋಗದೆ ನೇರವಾಗಿ ಹೊಂಬಾಳೆಯ ಮನೆಗೆ ನಡೆದೆ. ಕೈಯಲ್ಲಿ ಔಷಧಿ ಹಿಡಿದುಕೊಂಡು ಹೋಗುತ್ತಿರುವಂತೆ ಹೆಜ್ಜೆ ಹಗುರವಾಗಿತ್ತು. ಈ ಸುದ್ದಿ ಕೇಳಿದರೆ ಅವಳ ಮುಖ ಅರಳುತ್ತದೆ, ತಾಯಿಯೊಂದಿಗೆ ಮಾತಾಡುತ್ತಾಳೆ, ನಾಳೆಯಿಂದ ಬೀದಿಯಲ್ಲಿ ತಲೆಯೆತ್ತಿ ನಡೆಯುತ್ತಾಳೆ ಎಂದುಕೊಂಡಿದ್ದೆ.

ಅವಳು ಹೊಸಿಲಿನ ಮೇಲೆ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ನಾನು ಅವಳ ಭುಜ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ನೀನೊಬ್ಬಳೇ ಅಲ್ಲ ಮಗು, ಇನ್ನೂ ಮೂವರಿದ್ದರು. ಹೆಸರುಗಳನ್ನೂ ಹೇಳಿದೆ. "ನಿನ್ನ ಮೇಲೆ ಹಾಡು ಕಟ್ಟಿದ್ದಳಲ್ಲ ಮಂದಾಕಿನಿ, ಅವಳೇ ಮೊದಲು."

ಹೊಂಬಾಳೆಯ ಮುಖ ಅರಳಲಿಲ್ಲ. ಕೈಯಲ್ಲಿದ್ದ ಸಿಪ್ಪೆಯನ್ನು ನಿಧಾನವಾಗಿ ಮೊರಕ್ಕೆ ಹಾಕಿದಳು.

"ಯಾರಿಗೂ ಹೇಳ್ಬೇಡಿ ಅಂತ ಅವಳು ನಿಮಗೆ ಹೇಳಿರ್ಲಿಲ್ವಾ ಮಿಸ್?"

ಬಿಸಿಲು ನೆತ್ತಿಯ ಮೇಲಿತ್ತು. ಕಣ್ಣಲ್ಲಿ ನೀರು ತುಂಬುತ್ತಿರುವುದು ನನಗೇ ತಿಳಿಯುತ್ತಿತ್ತು, ತಡೆಯಲಾಗಲಿಲ್ಲ. ಅವಳು ಅದನ್ನು ಕಂಡಿರಬೇಕು. ಒಳಗೆ ಹೋಗಿ ಒಂದು ಲೋಟ ನೀರು ತಂದು ಎರಡೂ ಕೈಯಿಂದ ಕೊಟ್ಟಳು.

"ಬಿಸಿಲಲ್ಲಿ ಬಂದಿದೀರಿ," ಎಂದಳು, ಅಷ್ಟೇ.

ನಾನು ಕುಡಿದು ಮುಗಿಸುವವರೆಗೆ, ಮುಖ ಒರೆಸಿಕೊಂಡು ಲೋಟ ಹಿಂದಕ್ಕೆ ಚಾಚುವವರೆಗೆ, ಆ ಹುಡುಗಿ ಬೀದಿಯ ಕಡೆಗೆ ತಿರುಗಿ ನಿಂತಿದ್ದಳು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.