ಬಾಗಿಲು ತೆರೆದಿಟ್ಟು ಹೋದವನು

ಪತ್ತೇದಾರಿ ಕಾದಂಬರಿಯ ಹಸ್ತಪ್ರತಿಯನ್ನು ಪ್ರಕಾಶಕರು ಹಿಂದಕ್ಕೆ ಕಳಿಸಿದ್ದರು. ಕತೆಯೇನೋ ಓಡುತ್ತದೆ, ಕೊಲೆಗಾರ ಮಾತ್ರ ಮರದ ಗೊಂಬೆ ಎಂಬುದು ಅವರ ದೂರು. ಲೇಖಕಿ ಕೆಲವು ದಿನ ಮುಖ ಊದಿಸಿಕೊಂಡಿದ್ದು, ಕೊನೆಗೆ ಅದನ್ನು ಸೋದರತ್ತೆಯ ಕೈಗಿಟ್ಟಳು. ಅತ್ತೆ ಮನೋವೈದ್ಯೆ, ಇನ್ನೊಬ್ಬರ ಮಾತು ಕೇಳಿಯೇ ತಲೆ ನರೆಸಿಕೊಂಡವರು.

ಓದಿ ಮುಗಿಸಿದ ಅತ್ತೆ ಅವಳನ್ನು ಕ್ಲಿನಿಕ್ಕಿಗೇ ಕರೆದರು. ರೋಗಿಗಳ ಕುರ್ಚಿಯಲ್ಲಿ ಕೂರಲು ಲೇಖಕಿಗೆ ಒಂಥರಾ ಆಯಿತು.

"ದರ್ಜಿ ಹೆಂಗಸನ್ನ ಕೊಂದು ಹೋಗುವಾಗ ಇವನು ಬಾಗಿಲು ಯಾಕೆ ತೆಗೆದಿಟ್ಟು ಹೋಗ್ತಾನೆ?"

"ಪೊಲೀಸರಿಗೆ ಗೊತ್ತಾಗಬೇಕಲ್ಲ ಅತ್ತೆ."

"ಅದು ನಿನ್ನ ಕಾರಣ ಕಣೇ. ಅವನದೇನು?"



ಅತ್ತೆ ಹಾಳೆ ತಿರುವಿದರು. ಅವನು ಲಿಫ್ಟ್ ಹತ್ತುವುದಿಲ್ಲ. ಮಲಗುವಾಗ ಚಿಲಕ ಹಾಕುವುದಿಲ್ಲ. ಕೆಲಸಕ್ಕೆ ಹೋಗುತ್ತಿದ್ದ ತಾಯಿಯ ಮಾತು ಬಂದರೆ ಥಟ್ಟನೆ ವಿಷಯ ಬದಲಿಸುತ್ತಾನೆ. ಎಲ್ಲವೂ ಲೇಖಕಿಯೇ ಬರೆದದ್ದು, ಬರೆದು ಮರೆತದ್ದು.

"ಚಿಕ್ಕವನಿದ್ದಾಗ ಇವನನ್ನ ಒಳಗೆ ಬಿಟ್ಟು ಬೀಗ ಹಾಕ್ಕೊಂಡು ಹೋಗ್ತಿದ್ರು. ಆ ತಾಯಿಗೂ ಬೇರೆ ದಾರಿ ಇರಲಿಲ್ಲವೇನೋ. ಅಳು ಕೇಳಿ ಯಾರಾದ್ರೂ ಬರ್ತಾರೆ ಅಂತ ಕಾದ, ಯಾರೂ ಬರಲಿಲ್ಲ. ದರ್ಜಿ ಹೆಂಗಸು ಪಾಪ, ಗಾಳಿ ಬೀಸ್ತಿದೆ ಅಂತ ಚಿಲಕ ಹಾಕಿದ್ಲು. ಅಲ್ಲೇ ಅವನು ತನ್ನ ಮೇಲಿನ ಹತೋಟಿ ಕಳ್ಕೊಂಡ. ಆಮೇಲೆ ಬಾಗಿಲು ತೆಗೆದಿಟ್ಟ. ಹಿಡಿಯೋಕಾದ್ರೂ ಯಾರಾದ್ರೂ ಬರಲಿ ಅಂತ."

ತಾನೇ ಹೆತ್ತವನನ್ನು ಬೇರೊಬ್ಬರು ಪರಿಚಯ ಮಾಡಿಕೊಟ್ಟಂತೆ ಲೇಖಕಿ ಬೆರಗಾಗಿ ಕೂತಳು.

"ಹಾಗಾದ್ರೆ ಅವನ ತಪ್ಪಿಲ್ಲ ಅಂತೀರಾ?"

"ಯಾರಂದ್ರು? ಅರ್ಥ ಮಾಡ್ಕೊಳ್ಳೋದು ಬೇರೆ, ಬಿಟ್ಟುಬಿಡೋದು ಬೇರೆ."

"ಇದನ್ನೆಲ್ಲ ಓದಿ ನನ್ನ ಬಗ್ಗೆನೂ ಏನಾದ್ರೂ ಗೊತ್ತಾಯ್ತಾ ಅತ್ತೆ?" ಲೇಖಕಿ ಹೆದರುತ್ತಲೇ ಕೇಳಿದಳು.

"ಗೊತ್ತಾಯ್ತು. ನಿನ್ನ ಕಾಗುಣಿತ ನಿಮ್ಮಪ್ಪಂದಕ್ಕಿಂತ ಕೆಟ್ಟದು."

ಇಬ್ಬರೂ ನಕ್ಕರು. ಮನೆಗೆ ಬಂದ ಲೇಖಕಿ ಕೊಲೆಗಾರನ ಅಧ್ಯಾಯಗಳನ್ನು ಮೊದಲಿಂದ ಬರೆದಳು. ಈ ಸಲ ಅವನು ತಾನಾಗಿಯೇ ನಡೆದಾಡಿದ. ಪ್ರಕಾಶಕರು ಮರುಮಾತಿಲ್ಲದೆ ಒಪ್ಪಿಕೊಂಡರು. ಪುಸ್ತಕ ಹೊರಬಂದ ಮೇಲೆ, ಕೊಲೆಗಾರನಿಗಾಗಿ ಕಣ್ಣೀರು ಹಾಕಿದೆವು ಎಂದು ಎಷ್ಟೋ ಓದುಗರು ಹೇಳಿದರು.

ಆ ಹೊಗಳಿಕೆಯಲ್ಲಿ ಅರ್ಧ ನಿಮ್ಮದು ಎಂದು ಹೇಳಲು ಲೇಖಕಿ ಅತ್ತೆಯ ಮನೆಗೆ ಹೋದಳು. ಅತ್ತೆ ಪುಸ್ತಕದ ಮೇಲೆ ಕೈಯಾಡಿಸಿದರು.

"ಇವನನ್ನ ಇಷ್ಟು ತಿಳ್ಕೊಂಡ್ವಿ. ಆ ದರ್ಜಿ ಹೆಂಗಸು ಅವತ್ತು ಏನು ಹೊಲೀತಿದ್ಲು ಅಂತ ನಾನೂ ಕೇಳಲಿಲ್ಲ, ನೀನೂ ಬರೀಲಿಲ್ಲ."

ಎಲ್ಲರೂ ಮೆಚ್ಚಿದ ತಮ್ಮ ಓದಿನಲ್ಲೇ ಕೊರತೆ ಕಂಡ ಆ ಮುಖವನ್ನು ಲೇಖಕಿ ಕಣ್ತುಂಬ ನೋಡಿದಳು. ಮುಂದಿನ ಪುಸ್ತಕ ಯಾರ ಕತೆಯೆಂದು ಅವಳಿಗೆ ಗೊತ್ತಾಗಿತ್ತು.

"ಮದುವೆ ಬಟ್ಟೆ ಇರಬಹುದಾ ಅತ್ತೆ?"

"ನನ್ನನ್ನ ಯಾಕೆ ಕೇಳ್ತೀಯ? ಅವಳನ್ನ ಕೇಳು."